ಕಾಗೆ, ಕೊಂಬೆ ಮತ್ತು ನಾಯಿಕೆಮ್ಮಿನ ಚುಚ್ಚುಮದ್ದು

ಕಿಂಗ್ಸ್‌ಬರಿಯಿಂದ ನಿಮ್ಮ ಜೊತೆ ಮಾತಾಡುತ್ತಿದ್ದೇನೆ. ಇವತ್ತಿನ ವಿಷಯ ನಾಯಿಕೆಮ್ಮಿನ ಲಸಿಕೆಯ ಚರಿತ್ರೆ. "ಆಂಟಿ, ಇದು ಎಳೆ ಮಕ್ಕಳ ಸಮಾಚಾರ, ನಮಗ್ಯಾಕೆ?" ಅಂತ ಈಗಲೇ ಆಫ್ ಮಾಡಬೇಡಿ. ನಿಮ್ಮ ಮನೆಯ ಬೀರುವಿನಲ್ಲೋ ಸೂಟ್‌ಕೇಸಿನಲ್ಲೋ, ನೀವು ಹುಟ್ಟಿದಾಗ ಕೊಟ್ಟ ಕೆಂಪು ಪುಸ್ತಕ ಇರುತ್ತದೆ. ಎಲ್ಲರೂ ರೆಡ್ ಬುಕ್ ಅನ್ನುತ್ತೇವಲ್ಲ, ಅದು. ಅದರಲ್ಲಿ ಲಸಿಕೆಯ ಪುಟ ತೆಗೆದು ನೋಡಿ. 2004ರ ಸೆಪ್ಟೆಂಬರ್ ಮುಗಿಯುವುದಕ್ಕೆ ಮುಂಚೆ ನಿಮಗೆ ಇಲ್ಲಿ ಮೊದಲ ಚುಚ್ಚುಮದ್ದುಗಳು ಆಗಿದ್ದರೆ, ಬಹುಮಟ್ಟಿಗೆ ಸಿಕ್ಕಿದ್ದು ಒಂದು ಬಗೆಯ ನಾಯಿಕೆಮ್ಮಿನ ಲಸಿಕೆ. ಅದರ ನಂತರ ಹುಟ್ಟಿದ ನಿಮ್ಮ ತಮ್ಮನಿಗೋ ತಂಗಿಗೋ ಸಿಕ್ಕಿದ್ದು ಬೇರೆಯೇ ಒಂದು ಬಗೆ. ಊರಿನಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಹಾಕಿಸಿಕೊಂಡ ನಿಮ್ಮ ಚಿಕ್ಕಪ್ಪನ ಮಕ್ಕಳಿಗೆ ಇವತ್ತಿಗೂ ಮೊದಲನೆಯ ಬಗೆಯೇ. ಒಂದೇ ಮನೆತನದ ಮಕ್ಕಳಿಗೆ ಎರಡು ಲಸಿಕೆ ಯಾಕೆ ಬಂತು ಅಂತ ಹುಡುಕುತ್ತಾ ಹೋದರೆ ಲಂಡನ್ನಿನ ಒಂದು ಆಸ್ಪತ್ರೆ, ಒಂದು ಟಿವಿ ಕಾರ್ಯಕ್ರಮ, ಒಂದು ನ್ಯಾಯಾಲಯ ಎಲ್ಲವೂ ಎದುರಾಗುತ್ತವೆ.

ಮೊದಲು ಹೆಸರು. ಇಂಗ್ಲಿಷಿನವರಿಗೆ ಕೇಳಿಸಿದ್ದು ಕೆಮ್ಮಿ ಕೆಮ್ಮಿ ಸುಸ್ತಾದ ಮಗು ಗಾಳಿಗಾಗಿ ಉಸಿರೆಳೆದುಕೊಳ್ಳುವಾಗಿನ 'ಹೂಪ್' ಎಂಬ ಸದ್ದು. ನಮ್ಮ ಹಿರಿಯರಿಗೆ ಕೇಳಿಸಿದ್ದು ಬೊಗಳುವ ಸದ್ದು. ಅದಕ್ಕೇ ನಾಯಿಕೆಮ್ಮು. (ವ್ಯಾಕರಣದ ಮೇಷ್ಟ್ರಾದರೆ ಆದೇಶ ಸಂಧಿ ಮಾಡಿ 'ನಾಯಿಗೆಮ್ಮು' ಅನ್ನಿ ಅನ್ನುತ್ತಾರೆ, ಹಾಗೆ ಬರೆಯುವವರೂ ಇದ್ದಾರೆ.) ಕರ್ನಾಟಕದಲ್ಲಿ ಬೆಳೆದ ನಮ್ಮ ತಲೆಮಾರಿಗೆ ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ಈ ಮೂರು ಹೆಸರು ಒಂದೇ ಉಸಿರಿನಲ್ಲಿ ಬಾಯಿಗೆ ಬರುತ್ತವೆ. ಆರೋಗ್ಯ ಇಲಾಖೆಯ ಗೋಡೆ ಬರಹಗಳ ಪುಣ್ಯ! ಮೂರಕ್ಕೂ ಸೇರಿಸಿ ಕೊಡುತ್ತಿದ್ದುದೇ ಡಿಪಿಟಿ.

ಆದರೆ ಎರಡು ಭಾಷೆಯ ಹೆಸರುಗಳೂ ಮುಚ್ಚಿಡುವ ಒಂದು ಸಂಗತಿ ಇದೆ. ಒಂದೆರಡು ತಿಂಗಳ ಕೂಸಿಗೆ ಈ ರೋಗ ಬಂದರೆ ಎಷ್ಟೋ ಸಲ ಬೊಗಳುವುದೂ ಇಲ್ಲ, ಹೂಪ್ ಅನ್ನುವುದೂ ಇಲ್ಲ. ಅದಕ್ಕೆ ಅಷ್ಟು ಶಕ್ತಿಯೇ ಇರುವುದಿಲ್ಲ. ಸುಮ್ಮನೆ ಉಸಿರು ನಿಲ್ಲಿಸಿಬಿಡುತ್ತದೆ, ಮೈ ನೀಲಿಯಾಗುತ್ತದೆ. ಈ ರೋಗದಲ್ಲಿ ಸಾಯುವವರು ಹೆಚ್ಚಾಗಿ ಈ ಕೂಸುಗಳೇ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ರೋಗಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು ಬ್ರಸೆಲ್ಸ್‌ನಲ್ಲಿ ಜೂಲ್ಸ್ ಬೋರ್ಡೆ ಮತ್ತು ಆಕ್ಟಾವ್ ಜೆಂಗೂ 1906ರಲ್ಲಿ ಬೇರ್ಪಡಿಸಿ ಬೆಳೆಸಿದರು. ಲಸಿಕೆಗಾಗಿ ಅಲ್ಲಲ್ಲಿ ಪ್ರಯತ್ನ ನಡೆದವು, ನೆಚ್ಚಬಹುದಾದದ್ದು ಯಾವುದೂ ಬರಲಿಲ್ಲ. ಅದನ್ನು ಸಾಧಿಸಿದವರು ಅಮೆರಿಕದ ಮಿಚಿಗನ್ ರಾಜ್ಯದ ಗ್ರ್ಯಾಂಡ್ ರ‍್ಯಾಪಿಡ್ಸ್ ಊರಿನ ಇಬ್ಬರು ಹೆಂಗಸರು, ಪರ್ಲ್ ಕೆಂಡ್ರಿಕ್ ಮತ್ತು ಗ್ರೇಸ್ ಎಲ್ಡರಿಂಗ್. ಇಬ್ಬರೂ ಮೊದಲು ಶಾಲಾ ಟೀಚರುಗಳು, ಇಬ್ಬರಿಗೂ ಚಿಕ್ಕಂದಿನಲ್ಲಿ ನಾಯಿಕೆಮ್ಮು ಬಂದು ಹೋಗಿತ್ತು. 1932ರ ಸುಮಾರು, ಆರ್ಥಿಕ ಕುಸಿತದ ಕಾಲ. ಹಗಲು ಸರ್ಕಾರಿ ಪ್ರಯೋಗಾಲಯದಲ್ಲಿ ನೀರು, ಹಾಲು ಪರೀಕ್ಷೆ ಮಾಡುವ ಕೆಲಸ. ಅದು ಮುಗಿದ ಮೇಲೆ ಸೀಮೆಎಣ್ಣೆ ದೀಪದ ಬೆಳಕಿನ ಬಡವರ ಮನೆಗಳಿಗೆ ಹೋಗಿ, ಕೆಮ್ಮುವ ಮಕ್ಕಳ ಬಾಯಿಯೆದುರು ಗಾಜಿನ ತಟ್ಟೆ ಹಿಡಿದು ಕೆಮ್ಮಿಸಿಕೊಂಡು ಬರುತ್ತಿದ್ದರು. ಆ ತಟ್ಟೆಗಳಿಂದ ಬ್ಯಾಕ್ಟೀರಿಯಾ ಬೆಳೆಸಿ, ಕೊಂದು, ಸೋಸಿ ಲಸಿಕೆ ಮಾಡಿದರು. ಮಕ್ಕಳಿಗೆ ಕೊಡುವ ಮೊದಲು ತಮ್ಮ ತೋಳಿಗೇ ಚುಚ್ಚಿಕೊಂಡರು.

1934ರಲ್ಲಿ ಶುರುವಾದ ಅವರ ಮೊದಲ ಪ್ರಯೋಗದಲ್ಲಿ ಲಸಿಕೆ ಪಡೆದ 712 ಮಕ್ಕಳಲ್ಲಿ ರೋಗ ಬಂದದ್ದು 4 ಮಕ್ಕಳಿಗೆ. ಪಡೆಯದ 880 ಮಕ್ಕಳಲ್ಲಿ 45ಕ್ಕೆ. ದುಡ್ಡು ಮುಗಿದಾಗ ಅಧ್ಯಕ್ಷರ ಪತ್ನಿ ಎಲೀನರ್ ರೂಸ್‌ವೆಲ್ಟ್ ಅವರನ್ನೇ ಪ್ರಯೋಗಾಲಯಕ್ಕೆ ಕರೆಸಿಕೊಂಡರು! ಮುಂದೆ ಇವರ ಜೊತೆ ಸೇರಿದ ಆಫ್ರಿಕನ್-ಅಮೆರಿಕನ್ ತಜ್ಞೆ ಲೋನಿ ಗಾರ್ಡನ್ ಓದಿದ್ದು ಗೃಹವಿಜ್ಞಾನ ಮತ್ತು ರಸಾಯನಶಾಸ್ತ್ರ. ಸಾವಿರಾರು ತಟ್ಟೆಗಳನ್ನು ಪರೀಕ್ಷಿಸಿ, ಬ್ಯಾಕ್ಟೀರಿಯಾ ಸೊಂಪಾಗಿ ಬೆಳೆಯಲು ಕುರಿಯ ರಕ್ತವೇ ಸರಿ ಎಂದು ಕಂಡುಕೊಂಡು ಲಸಿಕೆಯನ್ನು ಬಲಪಡಿಸಿದವಳು ಆಕೆ. ಮನೆ ನೋಡಿಕೊಳ್ಳುವ ನನ್ನಂಥವಳಿಗೆ ಆ 'ಗೃಹವಿಜ್ಞಾನ' ಅನ್ನುವ ಪದ ಕಂಡಾಗ ಸ್ವಲ್ಪ ಹೆಮ್ಮೆಯೇ ಆಯಿತು.

ಇದು ಇಡೀ ಬ್ಯಾಕ್ಟೀರಿಯಾವನ್ನೇ ಕೊಂದು ಮಾಡಿದ ಲಸಿಕೆ. ಇದನ್ನು ಇಡಿಕೋಶದ ಲಸಿಕೆ ಅನ್ನೋಣ. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ 1946ರಿಂದ ಇದನ್ನು ಇಲ್ಲಿನ ಮಕ್ಕಳ ಮೇಲೆ ಕಟ್ಟುನಿಟ್ಟಾಗಿ ಪರೀಕ್ಷಿಸಿತು. ಅರ್ಧ ಮಕ್ಕಳಿಗೆ ನಾಯಿಕೆಮ್ಮಿನ ಲಸಿಕೆ, ಇನ್ನರ್ಧಕ್ಕೆ ಅದಕ್ಕೆ ಸಂಬಂಧವಿಲ್ಲದ ಬೇರೆ ಚುಚ್ಚುಮದ್ದು. 1951ರ ವರದಿಯ ಪ್ರಕಾರ ಲಸಿಕೆಯ ಗುಂಪಿನಲ್ಲಿ 149 ಮಕ್ಕಳಿಗೆ ರೋಗ, ಇನ್ನೊಂದರಲ್ಲಿ 687. 1957ರಿಂದ ದೇಶಾದ್ಯಂತ ಲಸಿಕೆ ಕೊಡತೊಡಗಿದರು. ಲಸಿಕೆ ಬರುವ ಮೊದಲು ಬ್ರಿಟನ್ನಿನಲ್ಲಿ ವರ್ಷಕ್ಕೆ ಸರಾಸರಿ 1,20,000ಕ್ಕೂ ಹೆಚ್ಚು ನಾಯಿಕೆಮ್ಮಿನ ಪ್ರಕರಣ ದಾಖಲಾಗುತ್ತಿದ್ದವು. 1972ರ ಹೊತ್ತಿಗೆ ಅದು ಎರಡು ಸಾವಿರದ ಹತ್ತಿರಕ್ಕೆ ಇಳಿದಿತ್ತು. ನೂರಕ್ಕೆ ಎಂಬತ್ತು ಮಕ್ಕಳು ಲಸಿಕೆ ಪಡೆಯುತ್ತಿದ್ದರು.

ಎಡವಟ್ಟು ಶುರುವಾದದ್ದು ಈ ಗೆಲುವಿನ ಹೊತ್ತಿನಲ್ಲೇ. ಇಡಿಕೋಶದ ಲಸಿಕೆ ಸಾಧುವಾದ ಲಸಿಕೆ ಅಲ್ಲ. ಹಾಕಿಸಿದ ರಾತ್ರಿ ಜ್ವರ, ತೊಡೆ ಊತ, ಗಂಟೆಗಟ್ಟಲೆ ಅಳು. ಊರಿನಲ್ಲಿ ಮಕ್ಕಳನ್ನು ಬೆಳೆಸಿದ ಯಾವ ತಾಯಿಯನ್ನು ಕೇಳಿದರೂ ಆ ರಾತ್ರಿಯ ಕಥೆ ಹೇಳುತ್ತಾಳೆ. ಅಪರೂಪಕ್ಕೆ ಜ್ವರದ ಫಿಟ್ಸ್ ಬರುತ್ತಿತ್ತು. ಕೆಲವು ಕೂಸುಗಳು ಒಂದಷ್ಟು ಹೊತ್ತು ಮೈ ಸಡಿಲವಾಗಿ, ಬಿಳಿಚಿಕೊಂಡು ಸ್ಪಂದನೆಯಿಲ್ಲದಂತೆ ಮಲಗುತ್ತಿದ್ದವು. ಇವು ನಿಜ, ಯಾರೂ ಅಲ್ಲಗಳೆಯುವುದಿಲ್ಲ. ಪ್ರಶ್ನೆ ಇದ್ದದ್ದು, ಇದರಿಂದ ಮಿದುಳಿಗೆ ಶಾಶ್ವತ ಹಾನಿಯೂ ಆಗುತ್ತದೆಯೇ ಎಂಬುದು.

1974ರ ಜನವರಿಯಲ್ಲಿ ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯ ಮೂವರು ವೈದ್ಯರು ಒಂದು ಲೇಖನ ಪ್ರಕಟಿಸಿದರು. ಸುಮಾರು ಹನ್ನೊಂದು ವರ್ಷಗಳಲ್ಲಿ ತಮ್ಮಲ್ಲಿಗೆ ಬಂದ 36 ಮಕ್ಕಳಿಗೆ ಈ ಲಸಿಕೆಯ ನಂತರ ನರಸಂಬಂಧಿ ಕಾಯಿಲೆ ಕಾಣಿಸಿಕೊಂಡಿದೆ ಎಂದು ಅದರಲ್ಲಿತ್ತು. ಏಪ್ರಿಲಿನಲ್ಲಿ ಐಟಿವಿಯ 'ದಿಸ್ ವೀಕ್' ಕಾರ್ಯಕ್ರಮ ಅದನ್ನು ಮನೆಮನೆಗೆ ಮುಟ್ಟಿಸಿತು. ನಮ್ಮ ಕಿಂಗ್ಸ್‌ಬರಿಯ ರೋ ಗ್ರೀನ್ ಪಾರ್ಕಿನಲ್ಲಿ ಜಾನ್ ಲೋಗಿ ಬೇರ್ಡ್ 1920ರ ದಶಕದ ಕೊನೆಗೆ ಟೆಲಿವಿಷನ್ ಪ್ರಯೋಗ ಮಾಡಿದ ಕಂಬಗಳ ಬುಡ ಇನ್ನೂ ಇದೆ, ಅಲ್ಲಿ ನೀವು ಕ್ರಿಕೆಟ್ ಆಡಿರುತ್ತೀರಿ. ಅರ್ಧ ಶತಮಾನ ತುಂಬುವುದರೊಳಗೆ ಆ ಪೆಟ್ಟಿಗೆಗೆ ಎಂಥ ಶಕ್ತಿ ಬಂದಿತ್ತು ನೋಡಿ. ಲಸಿಕೆ ಪಡೆಯುವವರ ಪ್ರಮಾಣ 1975ಕ್ಕೆ ನೂರಕ್ಕೆ ಅರವತ್ತು, 1978ಕ್ಕೆ ನೂರಕ್ಕೆ ಮೂವತ್ತು. ಗ್ಲಾಸ್ಗೋದ ಸಾರ್ವಜನಿಕ ಆರೋಗ್ಯದ ಪ್ರಾಧ್ಯಾಪಕ ಗಾರ್ಡನ್ ಸ್ಟುವರ್ಟ್ ಅಂಥವರೇ ಲಸಿಕೆಯ ವಿರುದ್ಧ ನಿಂತಾಗ, ಜಿಪಿಗಳೂ ಹೆಲ್ತ್ ವಿಸಿಟರುಗಳೂ ತಾವಾಗಿಯೇ ಹಿಂಜರಿದರು.

ಆಗಿನ ತಾಯಂದಿರನ್ನು ಮೂಢರು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ರೋಸ್‌ಮೇರಿ ಫಾಕ್ಸ್ ಎಂಬ ತಾಯಿಯ ಮುಂದಾಳತ್ವದಲ್ಲಿ, ಲಸಿಕೆಯಿಂದಲೇ ತಮ್ಮ ಮಕ್ಕಳಿಗೆ ಹೀಗಾಯಿತು ಎಂದು ನಂಬಿದ ಹೆತ್ತವರು 1973ರಲ್ಲೇ ಸಂಘ ಕಟ್ಟಿದ್ದರು. ಅವರು ಮೊದಲು ಕೇಳಿದ್ದು ಪರಿಹಾರ. ದೇಶದ ಎಲ್ಲ ಮಕ್ಕಳ ಒಳಿತಿಗಾಗಿ ಹಾಕಿಸಿ ಅಂದವರು, ಒಂದು ಮಗುವಿಗೆ ತೊಂದರೆಯಾದಾಗ ಕೈತೊಳೆದುಕೊಳ್ಳುವುದು ಸರಿಯೇ ಎಂಬ ಪ್ರಶ್ನೆ. ಅದು ನ್ಯಾಯವಾದ ಪ್ರಶ್ನೆ. 1979ರಲ್ಲಿ ಅದಕ್ಕಾಗಿಯೇ ಕಾಯ್ದೆ ಬಂತು. ಲಸಿಕೆಯಿಂದ ತೀವ್ರ ಹಾನಿಯಾದರೆ 10,000 ಪೌಂಡ್. ಈಗ ಅದು 1,20,000.

ಆದರೆ ಭಯಕ್ಕೆ ತೆತ್ತ ಬೆಲೆಯೂ ಇದೆ. 1977ರಿಂದ 79, ಮತ್ತೆ 1981ರಿಂದ 83, ಎರಡು ದೊಡ್ಡ ಸಾಂಕ್ರಾಮಿಕಗಳು. 1978 ಒಂದೇ ವರ್ಷ 65,000ಕ್ಕೂ ಹೆಚ್ಚು ಪ್ರಕರಣ, 12 ಸಾವು. ಮೈಸೂರು, ಬೆಂಗಳೂರಿನಲ್ಲಿ ಓದಿ ಎನ್‌ಎಚ್‌ಎಸ್ ಸೇರಿದ ಕನ್ನಡದ ವೈದ್ಯರು ಇಲ್ಲಿ ನೆಲೆಯೂರುತ್ತಿದ್ದ ದಶಕವೂ ಅದೇ. ಆಗ ಇಲ್ಲಿ ಹುಟ್ಟಿದ ಮಕ್ಕಳು, ಅಂದರೆ ನಿಮ್ಮಲ್ಲಿ ಹಲವರ ಹಿರಿಯ ಅಕ್ಕ ಅಣ್ಣಂದಿರ ವಯಸ್ಸಿನವರು, ಈ ಗೊಂದಲದ ನಡುವೆಯೇ ಬೆಳೆದವರು. ಜಪಾನಿನಲ್ಲೂ ಇದೇ ಕಥೆ. 1974-75ರ ಚಳಿಗಾಲದಲ್ಲಿ ಲಸಿಕೆಯಾದ ಎರಡು ಕೂಸುಗಳು ತೀರಿಕೊಂಡವು, ಲಸಿಕೆ ನಿಂತಿತು, 1979ರಲ್ಲಿ 13,000ಕ್ಕೂ ಹೆಚ್ಚು ಪ್ರಕರಣ ಮತ್ತು 41 ಸಾವು.

ಈಗ ಕಾಗೆಯ ವಿಷಯಕ್ಕೆ ಬರುತ್ತೇನೆ. "ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು" ಅಂತ ನಿಮ್ಮ ಅಜ್ಜಿ ಹೇಳುವುದನ್ನು ಕೇಳಿರಬಹುದು. ಕಾಗೆಯ ಭಾರಕ್ಕೆ ಕೊಂಬೆ ಮುರಿಯಲಿಲ್ಲ. ಮುರಿಯಲಿದ್ದ ಕೊಂಬೆಯ ಮೇಲೆ ಅದೇ ಹೊತ್ತಿಗೆ ಕಾಗೆ ಬಂದು ಕೂತಿತು. ಸಂಸ್ಕೃತದವರು ಕಾಗೆಯನ್ನೂ ತಾಳೆಹಣ್ಣನ್ನೂ ಸೇರಿಸಿ ಇದನ್ನೇ ಕಾಕತಾಳೀಯ ಅಂದರು. ಲಸಿಕೆ ಕೊಡುವುದು ಮಗುವಿನ ಮೊದಲ ವರ್ಷದಲ್ಲಿ. ಕೂಸುಗಳಲ್ಲಿ ಅಪಸ್ಮಾರ ಮೊದಲಿಗೆ ಕಾಣಿಸಿಕೊಳ್ಳುವುದೂ ಹೆಚ್ಚಾಗಿ ಆ ವರ್ಷದಲ್ಲೇ. ಲಕ್ಷಾಂತರ ಕೂಸುಗಳಿಗೆ ಮೂರು ಮೂರು ಸಲ ಚುಚ್ಚಿದರೆ, ಕೆಲವು ಮಕ್ಕಳಿಗೆ ಚುಚ್ಚಿದ ಮಾರನೆಯ ದಿನವೇ ಮೊದಲ ಫಿಟ್ಸ್ ಬರುವುದು ಲೆಕ್ಕದ ಪ್ರಕಾರ ಖಂಡಿತ. ಆ ತಾಯಿಗೆ ಮಾತ್ರ ಅದು ಲೆಕ್ಕವಲ್ಲ. ನಿನ್ನೆ ಚೆನ್ನಾಗಿದ್ದ ಮಗು ಇವತ್ತು ಚೆನ್ನಾಗಿಲ್ಲ, ನಡುವೆ ಆದದ್ದು ಒಂದೇ. ಇದು ಕಾಗೆಯೋ ಕೊಂಬೆಯೋ ಅಂತ 36 ಮಕ್ಕಳ ಪಟ್ಟಿ ನೋಡಿ ಹೇಳಲಾಗದು. ಲಸಿಕೆ ಇಲ್ಲದೆಯೂ ಎಷ್ಟು ಕೊಂಬೆ ಮುರಿಯುತ್ತಿದ್ದವು ಅಂತ ಎಣಿಸಬೇಕು.

ಎಣಿಸಲು ಹೊರಟವರು ಮಿಡ್ಲ್‌ಸೆಕ್ಸ್ ಆಸ್ಪತ್ರೆಯ ಡೇವಿಡ್ ಮಿಲ್ಲರ್ ಮತ್ತು ಸಂಗಡಿಗರು. 1976ರಿಂದ ಮೂರು ವರ್ಷ, ಬ್ರಿಟನ್ನಿನಲ್ಲಿ ತೀವ್ರ ನರಸಂಬಂಧಿ ಕಾಯಿಲೆಯಿಂದ ಆಸ್ಪತ್ರೆ ಸೇರಿದ ಸಾವಿರಕ್ಕೂ ಹೆಚ್ಚು ಎಳೆಯ ಮಕ್ಕಳನ್ನು, ಅದೇ ವಯಸ್ಸಿನ, ಅದೇ ಪ್ರದೇಶದ ಆರೋಗ್ಯವಂತ ಮಕ್ಕಳ ಜೊತೆ ಹೋಲಿಸಿದರು. ಅವರ ಅಂದಾಜು, 1,10,000 ಚುಚ್ಚುಮದ್ದಿಗೆ ಒಂದು ತೀವ್ರ ಪ್ರತಿಕ್ರಿಯೆ, 3,10,000ಕ್ಕೆ ಒಂದು ಶಾಶ್ವತ ಹಾನಿ. ಆದರೆ ಈ ಎರಡನೆಯ ಅಂಕಿ ನಿಂತಿದ್ದು ಬೆರಳೆಣಿಕೆಯ ಮಕ್ಕಳ ಮೇಲೆ. 1988ರಲ್ಲಿ ಲಂಡನ್ನಿನ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಸ್ಟುವರ್ಟ್-ಸ್ಮಿತ್ ತಿಂಗಳುಗಟ್ಟಲೆ ಸಾಕ್ಷ್ಯ ಕೇಳಿ, ಒಂದೊಂದು ಪ್ರಕರಣವನ್ನೂ ಬಿಡಿಸಿ ನೋಡಿ, ಲಸಿಕೆಯಿಂದ ಎಳೆಯ ಮಕ್ಕಳ ಮಿದುಳಿಗೆ ಶಾಶ್ವತ ಹಾನಿಯಾಗುತ್ತದೆ ಎಂಬುದು ಸಾಬೀತಾಗಿಲ್ಲ ಎಂದು ತೀರ್ಪು ಕೊಟ್ಟರು.

ನ್ಯಾಯಾಲಯ 'ಸಾಬೀತಾಗಿಲ್ಲ' ಅನ್ನಬಹುದು. ಹಾಗಾದರೆ ಆ ಮಕ್ಕಳಿಗೆ ಆದದ್ದೇನು? ಹೆತ್ತವರಿಗೆ ಬೇಕಾಗಿದ್ದ ಈ ಉತ್ತರಕ್ಕೆ ಇನ್ನೂ ಹದಿನೆಂಟು ವರ್ಷ ಕಾಯಬೇಕಾಯಿತು. 2006ರಲ್ಲಿ ಆಸ್ಟ್ರೇಲಿಯಾದ ಸ್ಯಾಮ್ಯುಯೆಲ್ ಬೆರ್ಕೋವಿಕ್ ಮತ್ತು ಸಂಗಡಿಗರು, ಲಸಿಕೆಯಿಂದ ಮಿದುಳು ಕೆಟ್ಟಿತು ಎನ್ನಲಾದ 14 ಮಂದಿಯ ಜೀನ್ ಪರೀಕ್ಷಿಸಿದರು. 11 ಮಂದಿಯಲ್ಲಿ ನರಕೋಶಗಳ ಒಳಗೆ ಸೋಡಿಯಂ ಹರಿವನ್ನು ನಿಯಂತ್ರಿಸುವ ಒಂದೇ ಜೀನಿನಲ್ಲಿ ದೋಷ ಸಿಕ್ಕಿತು. ಇದು ಫ್ರಾನ್ಸಿನ ಶಾರ್ಲೆಟ್ ದ್ರಾವೆ 1978ರಲ್ಲೇ ವಿವರಿಸಿದ್ದ ಒಂದು ಬಗೆಯ ಅಪಸ್ಮಾರಕ್ಕೆ ಕಾರಣವಾಗುವ ದೋಷ. ಹೆಚ್ಚಿನವರಲ್ಲಿ ತಾಯಿ ತಂದೆಯಿಂದ ಬಂದದ್ದೂ ಅಲ್ಲ, ಮಗುವಿನಲ್ಲೇ ಹೊಸದಾಗಿ ಆದದ್ದು. ಲಸಿಕೆಯ ಜ್ವರ ಅಂಥ ಮಗುವಿನ ಮೊದಲ ಫಿಟ್ಸನ್ನು ಕೆಲವು ವಾರ ಮುಂಚೆ ತಂದಿರಬಹುದು. ಮಾಮೂಲಿ ನೆಗಡಿಯ ಜ್ವರವೂ ಅದನ್ನೇ ಮಾಡುತ್ತಿತ್ತು. ಹೆತ್ತವರು ಕಂಡದ್ದು ಸುಳ್ಳಲ್ಲ, ಅದಕ್ಕೆ ಅವರು ಹಚ್ಚಿದ ಕಾರಣ ತಪ್ಪಾಗಿತ್ತು. ಎರಡನ್ನೂ ಒಟ್ಟಿಗೆ ಹೇಳಬಲ್ಲ ವಿಜ್ಞಾನ 1974ರಲ್ಲಿ ಇರಲಿಲ್ಲ.

ಅಷ್ಟರಲ್ಲಿ ಇನ್ನೊಂದು ಲಸಿಕೆ ಬಂದಾಗಿತ್ತು. ಜಪಾನಿನ ಯೂಜಿ ಸಾಟೋ ಬ್ಯಾಕ್ಟೀರಿಯಾದಿಂದ ಬೇಕಾದ ಪ್ರೋಟೀನುಗಳನ್ನಷ್ಟೇ ಬೇರ್ಪಡಿಸಿ, ಜ್ವರ ತರುವ ಹೊರಕವಚವನ್ನು ಬಹುಪಾಲು ಬಿಟ್ಟು ಲಸಿಕೆ ಮಾಡಿದರು. 1981ರಿಂದ ಜಪಾನ್ ಅದನ್ನು ಬಳಸಿತು. 1979ರಲ್ಲಿ ಹಳೆಯದನ್ನು ನಿಲ್ಲಿಸಿದ್ದ ಸ್ವೀಡನ್ 1996ರಲ್ಲಿ ಈ ಹೊಸದನ್ನು ಶುರುಮಾಡಿತು. ಇದಕ್ಕೆ ಅಕೋಶ ಲಸಿಕೆ ಅನ್ನಬಹುದು, ನಾನು ಬಿಡಿಭಾಗದ ಲಸಿಕೆ ಅನ್ನುತ್ತೇನೆ. ಬ್ರಿಟನ್ ಮಾತ್ರ ಇಡಿಕೋಶದ ಲಸಿಕೆಯ ಮೇಲೇ ನಂಬಿಕೆ ಮರಳಿ ಕಟ್ಟಿತು. 1990ರ ದಶಕದ ಮೊದಲಲ್ಲಿ ಪ್ರಮಾಣ ನೂರಕ್ಕೆ ತೊಂಬತ್ತು ದಾಟಿತು. 2004ರಲ್ಲಿ, ಬಾಯಿಗೆ ಹಾಕುವ ಪೋಲಿಯೋ ಹನಿ ಬಿಟ್ಟು ಐದು ರೋಗಕ್ಕೆ ಒಂದೇ ಚುಚ್ಚುಮದ್ದು ತಂದಾಗ, ಇಲ್ಲೂ ಕೂಸುಗಳಿಗೆ ಐದು ಪ್ರೋಟೀನುಗಳ ಬಿಡಿಭಾಗದ ಲಸಿಕೆ ಬಂತು. ಬೆಂಗಳೂರಿನ ಖಾಸಗಿ ಆಸ್ಪತ್ರೆಗಳಲ್ಲಿ ಇದಕ್ಕೆ 'ಪೇಯ್ನ್‌ಲೆಸ್' ಅಂತ ಹೆಸರು, ಬೆಲೆಯೂ ಹಾಗೇ. ಸರ್ಕಾರದ ಲಸಿಕೆ ಈಗಲೂ ಇಡಿಕೋಶದ್ದು. ನಮ್ಮ ಗಡಿಗೆ ಹತ್ತಿರದ ಕೂನೂರಿನ ಪಾಸ್ಚರ್ ಸಂಸ್ಥೆ ದಶಕಗಳ ಕಾಲ ತಯಾರಿಸಿದ ಡಿಪಿಟಿಯೂ ಅದೇ ಬಗೆಯದು.

ಜ್ವರ ಕಡಿಮೆ, ಅಳು ಕಡಿಮೆ. ಹಾಗಾದರೆ ಹೊಸದೇ ಮೇಲು ಅಲ್ಲವೇ? ಇಲ್ಲೊಂದು ತೊಡಕಿದೆ. ನಮ್ಮ ಮೈ ಲಸಿಕೆಯಿಂದ ಎರಡು ಪಾಠ ಕಲಿಯುತ್ತದೆ. ಒಂದು, ರಕ್ತದಲ್ಲಿ ಪ್ರತಿಕಾಯಗಳನ್ನು ಮಾಡುವುದು. ಇವು ಬ್ಯಾಕ್ಟೀರಿಯಾದ ವಿಷವನ್ನು ಹಿಡಿದು ನಿಷ್ಕ್ರಿಯಗೊಳಿಸುತ್ತವೆ. ಇನ್ನೊಂದು, ಟಿ ಕೋಶಗಳನ್ನು ತರಬೇತುಗೊಳಿಸುವುದು. ಇವು ಮೂಗು ಗಂಟಲಲ್ಲಿ ಬೇರುಬಿಟ್ಟ ಬ್ಯಾಕ್ಟೀರಿಯಾವನ್ನೇ ಹೊರಗಟ್ಟಲು ನೆರವಾಗುತ್ತವೆ. ಬಿಡಿಭಾಗದ ಲಸಿಕೆ ಮೊದಲನೆಯದನ್ನು ಚೆನ್ನಾಗಿ ಕಲಿಸುತ್ತದೆ, ಎರಡನೆಯದರಲ್ಲಿ ಹಿಂದೆ. ಇಡಿಕೋಶದ್ದು ಎರಡನ್ನೂ ಕಲಿಸುತ್ತದೆ, ಜ್ವರ ಬರಿಸುತ್ತದೆ. 2014ರಲ್ಲಿ ಅಮೆರಿಕದಲ್ಲಿ ಬಬೂನ್ ಮಂಗಗಳ ಮೇಲಿನ ಪ್ರಯೋಗ ಪ್ರಕಟವಾಯಿತು. ಬಿಡಿಭಾಗದ ಲಸಿಕೆ ಪಡೆದ ಮಂಗಗಳು ಕೆಮ್ಮಲಿಲ್ಲ, ಆದರೆ ಬ್ಯಾಕ್ಟೀರಿಯಾವನ್ನು ಗಂಟಲಲ್ಲಿ ವಾರಗಟ್ಟಲೆ ಇಟ್ಟುಕೊಂಡು ಇತರ ಮಂಗಗಳಿಗೆ ದಾಟಿಸಿದವು.

ರಕ್ಷಣೆ ಬೇಗ ಸವೆಯುವುದೂ ಹೌದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ 1998ರಲ್ಲಿ, ನಮ್ಮ 2004ರ ಹಾಗೆಯೇ, ಎರಡೂ ಲಸಿಕೆ ಬಳಕೆಯಲ್ಲಿದ್ದವು. ಆ ವರ್ಷ ಹುಟ್ಟಿ, ಮೊದಲ ಡೋಸಿಗೆ ಇಡಿಕೋಶದ ಲಸಿಕೆ ಪಡೆದ ಮಕ್ಕಳಿಗೆ ಹತ್ತು ವರ್ಷ ಕಳೆದ ಮೇಲೂ ನಾಯಿಕೆಮ್ಮು ಬಂದದ್ದು ಕಡಿಮೆ. ಮೈ ಮೊದಲು ಕಲಿತ ಅಕ್ಷರವೇ ಕೊನೆಯವರೆಗೂ ಉಳಿಯುತ್ತದೆ ಅನ್ನಿಸುತ್ತದೆ. ಹಾಗಂತ ನಿಮ್ಮ ತಂಗಿಯ ಲಸಿಕೆ ಕೆಟ್ಟದ್ದಲ್ಲ. ಕೂಸಾಗಿದ್ದಾಗ, ಅಪಾಯ ಹೆಚ್ಚಿದ್ದ ಕಾಲದಲ್ಲಿ, ಅದು ಅವಳನ್ನು ಕಾಪಾಡಿದೆ. ಆದರೆ ಇಪ್ಪತ್ತರ ವಯಸ್ಸಿಗೆ ನಿಮ್ಮಿಬ್ಬರಲ್ಲೂ ಆ ರಕ್ಷಣೆ ತೆಳುವಾಗಿರುತ್ತದೆ, ಅವಳಲ್ಲಿ ಇನ್ನಷ್ಟು.

ಇದರಿಂದ ಪೆಟ್ಟು ತಿನ್ನುವವರು ನೀವಲ್ಲ. ನಿಮಗೆ ಬಂದರೆ ಮೂರು ತಿಂಗಳ ಹಾಳು ಕೆಮ್ಮು. ಶುಂಠಿ ಕಷಾಯ, ಮೆಣಸಿನ ಸಾರು ಅಂತ ದಿನ ದೂಡುತ್ತೀರಿ. ಆ ಕೆಮ್ಮನ್ನು ಹೊತ್ತು ನೀವು ಅಕ್ಕನ ಬಾಣಂತನದ ಮನೆಗೆ ಹೋಗುತ್ತೀರಿ. ಊರಿಂದ ಬಾಣಂತನಕ್ಕೆ ಬಂದ ಅಜ್ಜಿಯೂ ಅದನ್ನೇ ತಂದಿರಬಹುದು. ಇಲ್ಲಿ ಮೊದಲ ಚುಚ್ಚುಮದ್ದು ಎಂಟನೆಯ ವಾರಕ್ಕೆ. ಅಲ್ಲಿಯವರೆಗೆ ಕೂಸಿಗೆ ತನ್ನದೆನ್ನುವ ರಕ್ಷಣೆ ಇಲ್ಲ. 2012ರಲ್ಲಿ ಇಂಗ್ಲೆಂಡಿನಲ್ಲಿ 9,000ಕ್ಕೂ ಹೆಚ್ಚು ಪ್ರಕರಣಗಳಾಗಿ 14 ಕೂಸುಗಳು ತೀರಿಕೊಂಡವು.

ಆ ವರ್ಷ ಅಕ್ಟೋಬರಿನಲ್ಲಿ ಗರ್ಭಿಣಿಯರಿಗೇ ಲಸಿಕೆ ಕೊಡಲು ಶುರುಮಾಡಿದರು. ತಾಯಿಯ ಪ್ರತಿಕಾಯಗಳು ಹೊಕ್ಕುಳಬಳ್ಳಿಯ ಮೂಲಕ ಕೂಸಿಗೆ ಹರಿಯುತ್ತವೆ. ಕೂಸು ಎರಡು ತಿಂಗಳ ಸಾಲದೊಂದಿಗೇ ಹುಟ್ಟುತ್ತದೆ. ಮೊದಲ ವರ್ಷಗಳ ಲೆಕ್ಕದಲ್ಲಿ, ಮೂರು ತಿಂಗಳೊಳಗಿನ ಕೂಸುಗಳಲ್ಲಿ ಇದು ನೂರಕ್ಕೆ ತೊಂಬತ್ತರಷ್ಟು ರೋಗ ತಡೆದಿತ್ತು. ಸುರಕ್ಷತೆಯ ಪ್ರಶ್ನೆಯನ್ನು ಈ ಸಲ ಟಿವಿಯವರು ಕೇಳುವವರೆಗೆ ಬಿಡಲಿಲ್ಲ. ಲಸಿಕೆ ಪಡೆದ ಸುಮಾರು 20,000 ಗರ್ಭಿಣಿಯರ ದಾಖಲೆಗಳನ್ನು ಪರಿಶೀಲಿಸಿ, ಹೊಟ್ಟೆಯಲ್ಲೇ ಕೂಸು ಸಾಯುವುದಾಗಲಿ ಬೇರೆ ತೊಡಕಾಗಲಿ ಹೆಚ್ಚಿಲ್ಲವೆಂದು 2014ರಲ್ಲೇ ಪ್ರಕಟಿಸಿದರು. 1974ರಲ್ಲಿ ಎಣಿಕೆ ಭಯದ ಹಿಂದೆ ಓಡಿತ್ತು, ಇಲ್ಲಿ ಎಣಿಕೆ ಮೊದಲೇ ತಯಾರಿತ್ತು.

ಆದರೂ 2024ಕ್ಕೆ ಮುಂಚಿನ ವರ್ಷಗಳಲ್ಲಿ ಗರ್ಭಿಣಿಯರಲ್ಲಿ ಇದನ್ನು ಹಾಕಿಸಿಕೊಳ್ಳುವವರು ಕಡಿಮೆಯಾಗಿದ್ದರು, ಲಂಡನ್ನಿನಲ್ಲಂತೂ ದೇಶದ ಉಳಿದ ಕಡೆಗಿಂತ ಕಡಿಮೆ. 2024ರಲ್ಲಿ ಇಂಗ್ಲೆಂಡಿನಲ್ಲಿ 14,000ಕ್ಕೂ ಹೆಚ್ಚು ಪ್ರಕರಣಗಳಾದವು, 11 ಕೂಸುಗಳು ಸತ್ತವು. 2013ರಿಂದೀಚೆಗೆ ಹೀಗೆ ತೀರಿಕೊಂಡ ಕೂಸುಗಳಲ್ಲಿ ಹೆಚ್ಚಿನವರ ತಾಯಂದಿರು ಲಸಿಕೆ ಪಡೆದಿರಲಿಲ್ಲ. ನಮ್ಮವರಲ್ಲಿ ಇದಕ್ಕೆ ವಿರೋಧ ಅಂತೇನಿಲ್ಲ. ಬಸುರಿಯಲ್ಲಿ ಯಾವ ಔಷಧವೂ ಬೇಡ ಎಂಬ ಅತ್ತೆಯ ಮಾತು, ಮಿಡ್‌ವೈಫ್ ಹೇಳುತ್ತಾರೆ ಅಂತ ಜಿಪಿ, ಜಿಪಿ ಹೇಳುತ್ತಾರೆ ಅಂತ ಮಿಡ್‌ವೈಫ್, ಇವುಗಳ ನಡುವೆ ದಿನ ಕಳೆದುಹೋಗುತ್ತದೆ. ನಿಮ್ಮ ಅಕ್ಕನೋ ಅತ್ತಿಗೆಯೋ ಬಸುರಿಯಾಗಿದ್ದರೆ ಹದಿನಾರನೆಯ ವಾರದಿಂದ ಕೇಳಿ ಪಡೆಯಬಹುದು, ದುಡ್ಡಿಲ್ಲ. ಮೂವತ್ತೆರಡರೊಳಗೆ ಆದರೆ ಒಳ್ಳೆಯದು. ಪ್ರತಿ ಬಸುರಿಯಲ್ಲೂ ಮತ್ತೆ ಹಾಕಿಸಿಕೊಳ್ಳಬೇಕು, ಹಿಂದಿನ ಸಲದ್ದು ಸಾಲದು.

ಮುಂದಿನ ಲಸಿಕೆ ಸೂಜಿಯದ್ದಲ್ಲದೆಯೂ ಇರಬಹುದು. ಫ್ರಾನ್ಸಿನ ಲೀಲ್‌ನಲ್ಲಿ ಕ್ಯಾಮಿಲ್ ಲೋಕ್ಟ್ ಅವರ ತಂಡ ವಿಷ ತೆಗೆದ, ಜೀವಂತ ಬ್ಯಾಕ್ಟೀರಿಯಾದ ಒಂದು ಲಸಿಕೆ ಮಾಡಿದೆ. ಅದನ್ನು ಮೂಗಿಗೆ ಹಾಕುತ್ತಾರೆ, ರೋಗ ಬೇರುಬಿಡುವ ಜಾಗದಲ್ಲೇ ಟಿ ಕೋಶಗಳಿಗೆ ಪಾಠ ಹೇಳಲಿ ಅಂತ. ನಮ್ಮ ಸೌತಾಂಪ್ಟನ್ನಿನಲ್ಲಿ ಆರೋಗ್ಯವಂತ ಸ್ವಯಂಸೇವಕರ ಮೂಗಿಗೆ ನಾಯಿಕೆಮ್ಮಿನ ನಿಜವಾದ ಬ್ಯಾಕ್ಟೀರಿಯಾವನ್ನೇ ಹಾಕಿ, ಆಮೇಲೆ ಆಂಟಿಬಯಾಟಿಕ್ ಕೊಟ್ಟು, ಅದು ಹೇಗೆ ಬೇರುಬಿಡುತ್ತದೆ ಎಂದು ನೋಡುವ ಅಧ್ಯಯನಗಳು ನಡೆದಿವೆ. ಮೂಗು ಕೊಟ್ಟವರು ಹದಿನೆಂಟು ದಾಟಿದ, ಬಹುಶಃ ನಿಮ್ಮಂಥವರೇ.